ತುಂಬಿದ ಮರ, ಇಳಿಬಿಟ್ಟ ಮುಖ

ನವೆಂಬರ್ 6
ಇವತ್ತೂ ಅದೇ. ಬಲೆ ಹಾಸಿ, ಕೋಲಿನಿಂದ ಕೊಂಬೆ ಬಡಿದು, ನಾನು, ಹೆಂಡತಿ ಮಿರ್ಸಿನಿ ಇಬ್ಬರೇ. ಮೂರು ಮರ ಮುಗಿಯಿತು. ಇಂಥ ಆಲಿವ್ ಫಸಲನ್ನು ನನ್ನಪ್ಪನೂ ಕಂಡಿರಲಿಲ್ಲ. ಕುಣಿಯುವಷ್ಟು ಸಂತೋಷ — ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಕಣ್ಣು ಬೀಳುತ್ತದೆ. ಕಾಫಿ ಅಂಗಡಿಯಲ್ಲಿ ಮುಖ ಇಳಿಬಿಟ್ಟು ಕೂತೆ. ಪಕ್ಕದ ತೋಟದ ಪ್ರೊಕೊಪಿಸ್ ಕೇಳಿದ.

"ಹೇಗಿದ್ಯೋ ಸ್ಟ್ರಾಟಿ, ಫಸಲು?"

"ಏನ್ ಫಸಲು ಮಾರಾಯ. ಅರ್ಧ ಹುಳ ತಿಂತು, ಅರ್ಧ ಉದುರಿ ಹೋಯ್ತು."

"ನಂದೂ ಅಷ್ಟೇ." ಅವನ ಮುಖ ನನ್ನದಕ್ಕಿಂತ ಚೆನ್ನಾಗಿ ಇಳಿದಿತ್ತು. ಕಳ್ಳ.

ನವೆಂಬರ್ 8
ಮಹಡಿ ಕೋಣೆಯಲ್ಲಿ ಬಾಡಿಗೆಗಿರುವ ಫೆದ್ರಾ, ಅಥೆನ್ಸಿನ ಹುಡುಗಿ. ಹಳ್ಳಿಯವರ ಹೊಟ್ಟೆಕಿಚ್ಚಿನ ಮೇಲೆ ಪಿಎಚ್‌ಡಿ ಮಾಡುತ್ತಾಳೆ. ಅದಕ್ಕೂ ಪಿಎಚ್‌ಡಿ ಕೊಡುತ್ತಾರಂತೆ. ಊಟಕ್ಕೆ ಕೂತಾಗ ವಿವರಿಸಿದಳು.

"ಸ್ಟ್ರಾಟಿ ಮಾವ, ಒಳ್ಳೇದೆಲ್ಲ ಒಂದೇ ರೊಟ್ಟಿ ಅಂತ ಅಂದ್ಕೊಂಡಿರ್ತೀರಿ ನೀವು. ಪಕ್ಕದವನ ತುಂಡು ದೊಡ್ಡದಾದ್ರೆ ನಿಮ್ಮದು ಸಣ್ಣದಾಯ್ತು ಅಂತ. ಅದಕ್ಕೇ ಎಲ್ರೂ ಮುಚ್ಚಿಡೋದು. ದೂರದ ಸಾಹುಕಾರನನ್ನ ಕಂಡ್ರೆ ಹೊಟ್ಟೆ ಉರಿಯಲ್ಲ, ಗೋಡೆಯಾಚೆಯವನನ್ನ ಕಂಡ್ರೆ ಉರಿಯುತ್ತೆ."

"ಓದಿದೋರಿಗೆ ಬೇರೆ ಕೆಲಸ ಇಲ್ಲ," ಅಂದೆ. ಆಮೇಲೆ ಕಲ್ಲುಗೋಡೆಯ ಪಕ್ಕ ನಿಂತು ಪ್ರೊಕೊಪಿಸನ ತೋಟದತ್ತ ಕತ್ತು ಚಾಚಿದೆ. ಅವನದು ಹಳ್ಳದ ತೋಟ, ಮರದ ತುದಿ ಮಾತ್ರ ಕಂಡಿತು. ತಿರುಗಿದರೆ ಕಿಟಕಿಯಲ್ಲಿ ಫೆದ್ರಾ. ಏನೋ ಬರೆದುಕೊಳ್ಳುತ್ತಿದ್ದಳು...

ನವೆಂಬರ್ 14
ಇನ್ನು ನಾಲ್ಕು ದಿನದಲ್ಲಿ ದೊಡ್ಡ ಗಾಳಿಯಂತೆ, ರೇಡಿಯೊ ಹೇಳಿತು. ಮೂವತ್ತು ಮರ ಬಾಕಿ. ಕೊಯ್ಯದಿದ್ದರೆ ವರ್ಷದ ಎಣ್ಣೆಯೆಲ್ಲ ಮಣ್ಣುಪಾಲು. ಕರೆದರೆ ಊರವರು ಮುಯ್ಯಾಳಾಗಿ ಬರುತ್ತಾರೆ, ಇವತ್ತು ನನ್ನ ತೋಟಕ್ಕೆ ಅವರು, ನಾಳೆ ಅವರದಕ್ಕೆ ನಾನು. ಆದರೆ ಕರೆಯಬೇಕಾದರೆ ಮರ ತುಂಬಿದೆ ಎಂದು ಬಾಯಿ ಬಿಡಬೇಕು. ಭಯ. ಮಿರ್ಸಿನಿ ಸೌಟು ಹಿಡಿದೇ ಬೈದಳು.

"ಕಣ್ಣು ಬೀಳುತ್ತೆ ಅಂತ ಕೂತಿರಿ. ಗಾಳಿಗೆ ಕಾಯೇ ಬಿದ್ದು ಹೋಗುತ್ತೆ."

ನವೆಂಬರ್ 15, ಬೆಳಿಗ್ಗೆ ಆರು
ಹೇಳಿಬಿಡುತ್ತೇನೆ. ಬೂಟು ಹಾಕಿದ್ದಾಯಿತು.

ಅದೇ ದಿನ, ಸಂಜೆ
ಬಾಗಿಲು ತೆರೆದರೆ ಪ್ರೊಕೊಪಿಸ್. ಹಿಂದೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಬಲೆ, ಕೋಲು.

"ನಂದು ಹಳ್ಳದ ತೋಟ, ಗಾಳಿ ತಟ್ಟಲ್ಲ. ಮೊದಲು ನಿಂದು ಕೊಯ್ಯೋಣ ನಡಿ. ಸೆಪ್ಟೆಂಬರಿಂದ ನೋಡ್ತಿದೀನಿ ನಿನ್ನ ಮರ. ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳ್ಲಿ. ನನ್ನ ಕಣ್ಣೇ ತಾಗೀತು ಅಂತ ದಿನಾ ಮೂರು ಸಲ ಥೂ ಅಂತ ಉಗಿದು ಹೋಗ್ತಿದ್ದೆ."

"ಅದು ಮರಕ್ಕಾ? ನಂಗೇ ಉಗೀತಿದೀಯ ಅಂದ್ಕೊಂಡಿದ್ದೆ."

ಫೆದ್ರಾಳೂ ಪುಸ್ತಕ ಬಿಟ್ಟು ಕೋಲು ಹಿಡಿದಳು. ಏಳು ಜನ. ತಲೆಯ ಮೇಲೆ ಕಾಯಿ ಸುರಿಯುತ್ತಿದ್ದರೆ ಹಾಡೋ ಹಾಡು. ಮದುವೆಯ ದಿನವೂ ಇಷ್ಟು ಖುಷಿಪಟ್ಟಿರಲಿಲ್ಲ — ಮಿರ್ಸಿನಿ ಇದನ್ನು ಓದದಿರಲಿ.

ನವೆಂಬರ್ 20, ಮಧ್ಯಾಹ್ನ
ಗಾಳಿ ಬಂತು, ಹೋಯಿತು. ಬೀಳಲು ನಮ್ಮ ಮರದಲ್ಲಿ ಏನೂ ಉಳಿದಿರಲಿಲ್ಲ. ಇವತ್ತು ಮುಯ್ಯಿ ತೀರಿಸಲು ಪ್ರೊಕೊಪಿಸನ ತೋಟಕ್ಕೆ ಬಂದೆವು. ಹಳ್ಳಕ್ಕಿಳಿದು ನೋಡಿದೆ... ಕೊಂಬೆಗಳು ನೆಲ ಮುಟ್ಟಿವೆ. ನನ್ನದಕ್ಕಿಂತ ಜಾಸ್ತಿ. ಖಂಡಿತ ಜಾಸ್ತಿ. ನಮ್ಮನ್ನು ಉಳಿಸಿದವನ ಮೇಲೇ ಹೊಟ್ಟೆಕಿಚ್ಚು. ನಾಚಿಕೆಯಾಯಿತು. ಅದುಮಿಟ್ಟುಕೊಳ್ಳಲು ನೋಡಿದೆ, ಆಗಲಿಲ್ಲ.

"ಪ್ರೊಕೊಪಿ, ನಂಗೆ ಹೊಟ್ಟೆ ಉರೀತಿದೆ ಕಣೋ."

ಕೋಲು ಕೆಳಗಿಟ್ಟ. "ಎಷ್ಟು?"

"ತುಂಬಾ."

ಅವನ ಮುಖ ಅರಳಿದ್ದು ನೋಡಬೇಕಿತ್ತು. ಹೆಂಡತಿಯನ್ನು ಕೂಗಿದ. "ಬಾರೇ ಇಲ್ಲಿ, ಸ್ಟ್ರಾಟಿಗೆ ಹೊಟ್ಟೆ ಉರೀತಿದೆಯಂತೆ. ಹಾಗಾದ್ರೆ ಈ ಸಲ ನಿಜವಾಗ್ಲೂ ಒಳ್ಳೇ ಫಸಲು ಕಣೇ."

ಮರದಡಿ ಕೂತು ಬರೆಯುತ್ತಿದ್ದೇನೆ. ಇನ್ನೊಂದು ಸಲ ಹೇಳು ಅನ್ನುತ್ತಿದ್ದಾನೆ, ಹೆಣ್ಣುಮಕ್ಕಳೂ ಕೇಳಿಸಿಕೊಳ್ಳಬೇಕಂತೆ. ಬಂದೆ ಮಾರಾಯ, ಎದ್ದೆ —