ಬೇಡ ಅಂದವರು ಯಾರು?

ಕಾತ್ರಜ, ಪುಣೆ
18 ಜೂನ್ 2007, ಸೋಮವಾರ

ಪ್ರೀತಿಯ ಇಂದೂ ಅಕ್ಕನಿಗೆ,

ನಿನ್ನ ತಂಗಿ ಶೈಲಾಳ ನಮಸ್ಕಾರ. ಯುಗಾದಿಗೆ ನೀನು ಬರೆದ ಪತ್ರಕ್ಕೆ ಕಾರ ಹುಣ್ಣಿಮೆ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ನಡುವೆ ಅಧಿಕ ಮಾಸ ಬಂದಿತ್ತು, ಅದಕ್ಕೇ ತಡವಾಯಿತು ಅಂದರೆ ನೀನು ನಂಬುವವಳಲ್ಲ. ಫೋನ್ ಇರುವಾಗ ಕಾಗದ ಯಾಕೆ ಅಂತಲೂ ಕೇಳುತ್ತೀ. ಫೋನಿನಲ್ಲಿ ನಾನು ಅರ್ಧ ಹೇಳುವುದರೊಳಗೆ ಉಳಿದರ್ಧ ನೀನೇ ಹೇಳಿ ಮುಗಿಸುತ್ತೀ ಅಕ್ಕ. ಇದನ್ನು ನಾನೇ ಕೊನೆಯ ತನಕ ಹೇಳಬೇಕು.

ಮೊದಲು ಮನೆಯ ಸುದ್ದಿ. ರೋಹಿತ ಹನ್ನೆರಡನೇ ಇಯತ್ತೆ ಪಾಸಾದ, ನೂರಕ್ಕೆ ಎಪ್ಪತ್ತೆಂಟು. ನಮ್ಮವರಿಗೆ ಮೊಣಕಾಲು ನೋವು, ಆದರೂ ಲಿಫ್ಟ್ ಹತ್ತುವುದಿಲ್ಲ, ಹಟ. ಅತ್ತೆಯ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಈಗ ಅವರಿಗೆ ಕಪಾಟಿನ ಮೇಲಿನ ಧೂಳು, ಡಬ್ಬಿಯ ತಳದ ಜಿಡ್ಡು ಎಲ್ಲ ಕಾಣುತ್ತದೆ, ನಮಗೆ ಉಳಿಗಾಲವಿಲ್ಲ. ಅತ್ತೆಯ ಮಾತು ತೆಗೆದರೆ ನಿನಗೆ ಸೇರುವುದಿಲ್ಲ, ಗೊತ್ತು. ಹನ್ನೆರಡು ವರ್ಷದಿಂದ ನೀನು ಈ ಮನೆಗೆ ಕಾಲಿಟ್ಟಿಲ್ಲ, ಅದಕ್ಕೆ ಅವರೇ ಕಾರಣ ಅಂತ ನಾವಿಬ್ಬರೂ ಒಪ್ಪಿಕೊಂಡು ಕೂತಿದ್ದೇವೆ. ಈ ಸಲ ಮಾತ್ರ ಅವರ ಹೆಸರು ಬಂದಲ್ಲಿ ಕಾಗದ ಮಡಚಿ ಇಡಬೇಡ, ಮುಂದೆ ಓದು.

ಮಾರ್ಚಿನಲ್ಲಿ ಆಫೀಸಿನಲ್ಲಿ ಸಾಹೇಬರು ನನ್ನನ್ನು ಕರೆದರು. ನಮ್ಮ ಹಡಪಸರದ ಆಫೀಸು ಪುಣೆಯಲ್ಲೇ ಖರಾಡಿಗೆ ಹೋಗುತ್ತದೆ, ಬೆಳಗಾವಿಯಲ್ಲಿ ಹೊಸದೊಂದು ಶುರುವಾಗುತ್ತದೆ. ಕನ್ನಡ, ಮರಾಠಿ ಎರಡೂ ಬರುವವರು ಬೇಕು, ಒಂದು ವರ್ಷದ ಮಟ್ಟಿಗೆ ಅಲ್ಲಿನ ಜವಾಬ್ದಾರಿ ನೀವು ತೊಗೊಳ್ಳಿ ಅಂದರು. ಹದಿನೇಳು ವರ್ಷ ಟೈಪು ಮಾಡಿದವಳು ನಾನು, ಆ ಆಫೀಸಿನ ಮುಖ್ಯಸ್ಥೆ! ಬೆಳಗಾವಿ ಅಂದರೆ ನಿನ್ನ ಬೈಲಹೊಂಗಲ ಒಂದು ತಾಸಿನ ದಾರಿ. ಕುಣಿಯುವ ಹಾಗಾಯಿತು. ಬಾಯಿಂದ ಬಂದದ್ದು ಮಾತ್ರ, "ಮನೆಯಲ್ಲಿ ಕೇಳಬೇಕು ಸರ್, ನಮ್ಮತ್ತೆ ಒಪ್ಪೋದು ಕಷ್ಟ."

ಹೀಗೆ ಎರಡು ಮನಸ್ಸಿನವರಿಗೆಂದೇ ಕಂಪನಿ ಒಬ್ಬಳು ಲೈಫ್ ಕೋಚನ್ನು ಕರೆಸಿದೆ. ನಗಬೇಡ. ಆಕೆ ಡಾಕ್ಟರಲ್ಲ, ಸ್ವಾಮಿಗಳ ಪೈಕಿಯೂ ಅಲ್ಲ. ಎದುರಿಗೆ ಕೂತು ಪ್ರಶ್ನೆ ಕೇಳುತ್ತಾಳೆ, ಉತ್ತರ ನಾವೇ ಹೇಳಬೇಕು. ಹೆಸರು ಕೇತಕಿ, ವಯಸ್ಸು ಮೂವತ್ತರ ಮೇಲಿರಲಿಕ್ಕಿಲ್ಲ. ಖರಾಡಿಯ ಹೊಸ ಕಟ್ಟಡದಲ್ಲಿ ಆರು ಗುರುವಾರ ಆಕೆಯ ಮುಂದೆ ಕೂರಬೇಕು ಅಂತ ಠರಾವಾಯಿತು.

ಮೊದಲ ಗುರುವಾರವೇ ಕೇಳಿದಳು: ಈ ಬದಲಾವಣೆಗೆ ನೀವೆಷ್ಟು ತಯಾರಿದ್ದೀರಿ, ಒಂದರಿಂದ ಹತ್ತರೊಳಗೆ ಹೇಳಿ. ನಾನು ಒಂಬತ್ತು ಅಂದೆ. ಆ ಒಂದು ಯಾಕೆ ಕಡಿಮೆ ಅಂದಳು. ನಮ್ಮತ್ತೆ ಅಂದೆ. ಹಾಗಾದರೆ ಅವರನ್ನು ಕೇಳಿಕೊಂಡು ಬನ್ನಿ, ಮುಂದಿನ ವಾರದೊಳಗೆ ಅದೊಂದೇ ಕೆಲಸ ಅಂದಳು.

ಮುಂದಿನ ವಾರ ಅತ್ತೆಯ ಕಣ್ಣಿನ ಆಪರೇಶನ್ ಇತ್ತು, ಕೇಳಲಾಗಲಿಲ್ಲ. ಅದರ ಮುಂದಿನ ವಾರ ಬೀಗರು ಬಂದಿದ್ದರು. ಆಮೇಲೆ ಅಧಿಕ ಮಾಸದಲ್ಲಿ ಇಂಥ ಮಾತು ತೆಗೆಯುವುದು ಬೇಡ ಅನ್ನಿಸಿತು. ಆಮೇಲೆ ರೋಹಿತನ ರಿಸಲ್ಟು. ಕೇತಕಿ ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ, ಎಲ್ಲವನ್ನೂ ಬರೆದುಕೊಂಡಳು. ನಾನೂ ವಾರಕ್ಕೊಮ್ಮೆ ತಣ್ಣನೆಯ ಕೋಣೆಯಲ್ಲಿ ಕೂತು ಅತ್ತೆಯ ಕಥೆ ಹೇಳಿ, ಭಾರ ಇಳಿಸಿಕೊಂಡು ಬರುತ್ತಿದ್ದೆ. ನಿಜ ಹೇಳಲಾ, ಸುಖವಾಗಿತ್ತು.

ಮೊನ್ನೆ ಐದನೆಯ ಗುರುವಾರ. ಆಕೆ ಬಿಳಿ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದಳು. "ನಿಮ್ಮ ಅತ್ತೆ ಬೇಡ ಅಂದ ಮಾತುಗಳನ್ನು ಬರೆಯಿರಿ. ಅವರು ಆಡಿದ ಹಾಗೇ, ಕನ್ನಡದಲ್ಲೇ ಬರೆಯಿರಿ. ಯಾವಾಗ ಅಂದರು, ಎಲ್ಲಿ ನಿಂತು ಅಂದರು ಅನ್ನುವುದೂ ಇರಲಿ" ಅಂತ ಮರಾಠಿಯಲ್ಲಿ ಹೇಳಿದಳು. ನನಗೆ ನಗು ಬಂತು. ಒಂದು ಹಾಳೆ ಸಾಲುವುದಿಲ್ಲ, ಇನ್ನೆರಡು ಕೊಡು ಅಂದೆ.

ಮೊದಲು ಗಾಡಿಯ ವಿಷಯ ಬರೆದೆ. ಈ ಊರಲ್ಲಿ ಅಜ್ಜಿಯರೂ ಸ್ಕೂಟರ್ ಓಡಿಸುತ್ತಾರೆ, ನಾನು ಮಾತ್ರ ಬಸ್ಸಿಗೆ ಕಾಯುತ್ತೇನೆ, ಯಾಕೆಂದರೆ ಅತ್ತೆಗೆ ಸೇರುವುದಿಲ್ಲ. ಏನಂದಿದ್ದರು? ‘ಹೆಣ್ಮಕ್ಳು ಗಾಡಿ ಹೊಡೀಬಾರ್ದು’ ಅಂತ ಬರೆದೆ. ಎಲ್ಲಿ ನಿಂತು ಅಂದರು ಅಂತ ನೆನೆಸಿಕೊಂಡೆ. ಅಡಿಗೆಮನೆಯಲ್ಲೋ, ಪಡಸಾಲೆಯಲ್ಲೋ? ಅಕ್ಕ, ನೆನಪಿಗೆ ಬಂದದ್ದು ಮೆಟ್ಟಿಲ ಮೇಲೆ ನಿಂತು ಪಕ್ಕದ ಮನೆಯವಳಿಗೆ ಆ ಮಾತು ಹೇಳುತ್ತಿದ್ದ ನಾನು. ಅತ್ತೆ ಅಲ್ಲಿರಲೇ ಇಲ್ಲ. ಆ ಸಾಲು ಹೊಡೆದುಹಾಕಿದೆ. ಸಂಜೆ ಕಾಲೇಜಿನ ಅರ್ಜಿ ತಂದು ತಿರುಗಿ ಕೊಟ್ಟದ್ದು ಬರೆದೆ. ಅತ್ತೆ ಒಪ್ಪಲಿಲ್ಲ ಅಂತ ಕಾಲೇಜಿನ ಕಾರಕೂನನಿಗೆ ಹೇಳಿದವಳು ನಾನೇ, ಆ ಅರ್ಜಿ ಮನೆಗೆ ಹೋಗಿರಲೇ ಇಲ್ಲ. ಅದನ್ನೂ ಹೊಡೆದುಹಾಕಿದೆ. ಪಂಜಾಬಿ ಡ್ರೆಸ್ಸು ಬರೆದು ಹೊಡೆದೆ. ಗೆಳತಿಯರ ಜೊತೆ ಮಹಾಬಳೇಶ್ವರಕ್ಕೆ ಹೋಗದೆ ಉಳಿದದ್ದು ಬರೆದು ಹೊಡೆದೆ. ಅರ್ಧ ತಾಸಿನ ಮೇಲೆ ಹಾಳೆಯ ತುಂಬ ಗೀಟುಗಳೇ ಇದ್ದವು, ಒಂದು ಮಾತೂ ಉಳಿದಿರಲಿಲ್ಲ.

ಆಕೆ ನನ್ನನ್ನು ಶೈಲಾತಾಈ ಅನ್ನುತ್ತಾಳೆ, ನಾವು ಅಕ್ಕ ಅಂದ ಹಾಗೆ. "ಶೈಲಾತಾಈ, ನೀವು ಒಂಬತ್ತು ಅಂದಿರಿ, ನನಗೆ ಎರಡು ಕಾಣುತ್ತಿದೆ. ತಯಾರಿಲ್ಲದಿರುವುದು ತಪ್ಪಲ್ಲ. ಆದರೆ ಇಲ್ಲಿ ಬಂದು ಮಾತಾಡಿ ಹೋದರೆ ಏನೋ ಬದಲಾಯಿತು ಅಂತ ನಿಮಗನ್ನಿಸುತ್ತದೆ, ಏನೂ ಬದಲಾಗುವುದಿಲ್ಲ. ಆರನೆಯ ಗುರುವಾರ ನಿಮಗೇ ಇಟ್ಟಿರುತ್ತೇನೆ, ಕೇಳಿದ ಮೇಲೆ ಬನ್ನಿ. ಆಧೀ ವಿಚಾರಾ." ಮೊದಲು ಕೇಳಿ ಅಂತ. ಫೈಲು ಮುಚ್ಚಿ ಎದ್ದಳು. ಫೀಸು ಕಂಪನಿಯದು, ಕೂತವಳು ನಾನು, ನನ್ನನ್ನೇ ಹೊರಗೆ ಕಳಿಸಿದಳು! ನನ್ನ ಮಗಳ ವಯಸ್ಸಿನವಳಲ್ಲದಿದ್ದರೂ ತಂಗಿಯ ವಯಸ್ಸಿನವಳು. ಎರಡು ಬಸ್ಸು ಬದಲಿಸಿ ಮನೆ ಮುಟ್ಟುವ ತನಕ ಆಕೆಯನ್ನು ಮನಸ್ಸಿನಲ್ಲೇ ಬೈದೆ.

ಅತ್ತೆ ಪಡಸಾಲೆಯಲ್ಲಿ ಮೆಂತೆ ಪಲ್ಯದ ಕಟ್ಟು ಬಿಚ್ಚಿ ಎಲೆ ಸೋಸುತ್ತ ಕೂತಿದ್ದರು. ಹೊಸ್ತಿಲಲ್ಲಿ ನಿಂತೇ ಅಂದೆ, "ಅತ್ತೀ, ನನಗ ಬೆಳಗಾವಿಗೆ ಒಂದು ವರ್ಷ ಹಾಕ್ಯಾರ್ರಿ. ಹೋಗ್ತೀನಿ. ನೀವು ಬ್ಯಾಡ ಅನ್ನೂದಿದ್ರ ಈಗ ಅಂದುಬಿಡ್ರಿ."

"ಮೊದ್ಲ ಚಪ್ಪಲಿ ಬಿಟ್ಟು ಒಳಗ ಬಾ" ಅಂದರು. ಬಂದೆ. "ಯಾವಾಗ ಹೋಗೂದು?"

"ಆಗಸ್ಟಿಗೆ."

"ಹೋಗಿ ಬಾ. ಬೆಳಗಾವಿ ತಂಪ ಅದ, ನಿನ್ನ ಪ್ರಕೃತಿಗೂ ಚಲೋ."

"ಮತ್ತ ಮನೀ?"

"ನಾ ಅದೀನಲ್ಲ. ಈಗ ಕಣ್ಣೂ ಕಾಣ್ತಾವು."

ನನಗೆ ಸಿಟ್ಟೇ ಬಂತು. "ನೀವು ಬ್ಯಾಡ ಅಂತೀರಿ ಅಂತ ಮೂರು ತಿಂಗಳಿಂದ ಒದ್ದಾಡಾಕತ್ತೀನ್ರಿ ನಾ!"

ಅವರು ಕೈಯಲ್ಲಿನ ಕಟ್ಟು ಕೆಳಗಿಟ್ಟು ನನ್ನ ಮುಖ ನೋಡಿದರು. "ನಾ ಯಾವಾಗ ಬ್ಯಾಡ ಅಂದೀನವ್ವಾ? ನೀ ಯಾವಾಗ ಕೇಳೀದಿ?"

ಗಾಡಿಯ ಮಾತೂ ಕೇಳಿಬಿಟ್ಟೆ. ಪಕ್ಕದ ಮನೆಯವಳ ಸ್ಕೂಟರ್ ಹಿಂದೆ ಕೂತು ಅವರು ಎರಡು ಸಲ ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದಿದ್ದಾರಂತೆ! "ನಿನಗ ಅಂಜಿಕಿ ಬರ್ತದ ಅಂತ ಹೇಳಿರಲಿಲ್ಲ" ಅಂದರು. ನಮ್ಮವರು ಆಫೀಸಿನಿಂದ ಬಂದು ಸುದ್ದಿ ಕೇಳಿ, "ಭಾಳ ಚಲೋ ಆತು ಬಿಡು, ಶನಿವಾರಕ್ಕೊಮ್ಮೆ ಬರ್ತೀನಿ, ಕುಂದಾ ತಿನ್ನಾಕ" ಅಂದರು. ಅಷ್ಟೇ. ಮನೆಯಲ್ಲಿ ಯಾರೂ ಒಂದು ಪಾತ್ರೆ ಸಪ್ಪಳ ಮಾಡಲಿಲ್ಲ.

ಖುಷಿಯಾಗಬೇಕಿತ್ತು, ಅಲ್ಲವೇ? ನನಗೆ ಗಾಬರಿಯಾಯಿತು ಅಕ್ಕ. ಆ ದಿನದಿಂದ ಊಟ ರುಚಿಸುತ್ತಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷ ನಾನು ಜಗಳಾಡಿದ್ದು ಯಾರ ಜೊತೆ? ನನ್ನ ಅಂಜಿಕೆಗೆಲ್ಲ ಅತ್ತೆಯ ಹೆಸರಿಟ್ಟು, ಊರೆಲ್ಲ ಹೇಳಿಕೊಂಡು, ಅಯ್ಯೋ ಪಾಪ ಅನ್ನಿಸಿಕೊಂಡು ಬದುಕಿದೆ. ನನಗೇ ನನ್ನ ಬಗ್ಗೆ ಅಸಹ್ಯವಾಗಿದೆ.

ಇವತ್ತು ಬೆಳಿಗ್ಗೆ ಸಾಹೇಬರಿಗೆ ಹೂಂ ಅಂದು ಸಹಿ ಮಾಡಿದೆ. ಗುರುವಾರ ಕೇತಕಿಯ ಹತ್ತಿರ ಹೋಗುತ್ತೇನೆ. ಮತ್ತೆ ಎಷ್ಟು ತಯಾರಿದ್ದೀರಿ ಅಂತ ಕೇಳಿದರೆ ಮೂರು ಅನ್ನುತ್ತೇನೆ, ಸುಳ್ಳು ಹೇಳುವುದಿಲ್ಲ. ಆಗಸ್ಟಿನಲ್ಲಿ ನಿನ್ನ ಹತ್ತಿರದಲ್ಲೇ ಇರುತ್ತೇನೆ. ರವಿವಾರ ನಿನ್ನ ಮನೆಗೆ ಬರಲೋ ಬೇಡವೋ ಅನ್ನುವುದನ್ನು ಈ ಕಾಗದ ಪೂರ್ತಿ ಓದಿದ ಮೇಲೆ ನೀನೇ ಹೇಳು. ಮಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ, ಚೆನ್ನಾಗಿ ಓದಲಿ, ಧೈರ್ಯವಾಗಿರಲಿ. ಬಸವಣ್ಣ ನಿಮ್ಮೆಲ್ಲರನ್ನೂ ಸುಖವಾಗಿಡಲಿ.

ನಿನ್ನ ತಂಗಿ,
ಶೈಲಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಕೇತಕಿ ಕೊಟ್ಟ ಆ ಹಾಳೆಯಲ್ಲಿ ಮೊದಲು ಬರೆಯಬೇಕಾಗಿದ್ದ ಮಾತನ್ನು ನಾನು ಬರೆದಿರಲೇ ಇಲ್ಲ. ತೊಂಬತ್ತೈದರಲ್ಲಿ ಅವ್ವ ಹಾಸಿಗೆ ಹಿಡಿದಾಗ, "ನಿನ್ನ ಹೆಸರು ಹಿಡಿದು ಕರೀತಾಳ, ತಿಂಗಳ ಮಟ್ಟಿಗೆ ಬಾ" ಅಂತ ನೀನು ನನಗೆ ಬರೆದೆ. ಅತ್ತೆ ಕಳಿಸುತ್ತಿಲ್ಲ ಅಂತ ನಾನು ಉತ್ತರ ಬರೆದೆ. ಅವರು ಬೇಡ ಅಂದಿರಲಿಲ್ಲ ಅಕ್ಕ. ನಾನು ಕೇಳಿರಲೇ ಇಲ್ಲ. ಅವ್ವನನ್ನು ಆ ಸ್ಥಿತಿಯಲ್ಲಿ ನೋಡಲು, ಅವಳ ಮೈ ತೊಳೆಯಲು ನನಗೆ ಧೈರ್ಯವಿರಲಿಲ್ಲ. ಎರಡು ತಿಂಗಳು ನೀನೊಬ್ಬಳೇ ಮಾಡಿದೆ. ಅವ್ವ ಹೋದ ಮೇಲೆ ಶಿವಗಣಾರಾಧನೆಯ ದಿನ ಬಂಧುಬಳಗದ ಮುಂದೆ, "ಹೆತ್ತ ತಾಯಿ ಮಾರಿ ನೋಡಾಕ ಬಿಡಲಿಲ್ಲ, ನೀವೂ ಒಬ್ಬಾಕಿ ಹೆಂಗಸೇನ್ರಿ" ಅಂತ ಅತ್ತೆಗೆ ಬೈದೆಯಲ್ಲ, ಅವರು ತಲೆ ತಗ್ಗಿಸಿ ಕೂತಿದ್ದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ನಿನ್ನೆ ರವಿವಾರ ಅವರ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. ಅವರಿಗೆ ಗೊತ್ತಿತ್ತು. "ಪತ್ರ ಬಂದದ್ದು, ನೀ ಅತ್ತದ್ದು ನೋಡಿದ್ದೆ. ಕೇಳ್ತಿ ಅಂತ ದಾರಿ ಕಾದೆ. ನಾನಾಗೇ ಹೋಗು ಅಂದ್ರ ಹೊರಗ ಹಾಕಿದಂಗ ಆಗ್ತದ ಅಂತ ಸುಮ್ನಾದೆ" ಅಂದರು. ಮತ್ತೆ ಅಕ್ಕ ಅಷ್ಟು ಬೈದಾಗ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ. "ತಾಯಿ ಕಳಕೊಂಡ ನಿನ್ನನ್ನ ಮಂದಿ ನಡುವ ಸುಳ್ಳಾಕಿ ಮಾಡ್ಲೇನವ್ವಾ?" ಅಂದರು.

ಅಕ್ಕ, ಆವತ್ತಿನ ಬೈಗುಳವೆಲ್ಲ ನನಗೆ ಬರಬೇಕಾಗಿತ್ತು. ಒಂದನ್ನೂ ಬಿಡದೆ ನನಗೇ ಬೈದು ಒಂದು ಕಾಗದ ಬರಿ.