ಸೊಳ್ಳೆ ಕಚ್ಚಿದ ಜಾಗ

ಮುರ್ಡೇಶ್ವರದ ಮೈಕ್‌ಸೆಟ್ ಮಾವನಿಗೆ,

ನೀನು ಹೋಗಿ ವರ್ಷ ತುಂಬಿದ ಮೇಲೆ ನಿನ್ನ ಅಕ್ಕನ ಮಗಳು ಕಾಗದ ಬರೆಯುತ್ತಿದ್ದಾಳೆ. ನೀನಿದ್ದಾಗಲೇ ಬರೆಯಬೇಕಿತ್ತು. ಹೊನ್ನಾವರದಿಂದ ಮುರ್ಡೇಶ್ವರ ಎಷ್ಟು ದೂರ? ಬಸ್ಸು ಹತ್ತಿ ಬಂದು ಎದುರಿಗೆ ಕೂತು ಹೇಳಬಹುದಿತ್ತು. ಸೊಕ್ಕು ಬಿಡಲಿಲ್ಲ, ಮಾವ.

ನೆನಪಿದೆಯಾ, ರೆಕಾರ್ಡ್ ಪ್ಲೇಯರಿನ ಕೈಯ ತುದಿಗೆ ನೀನು ನಾಲ್ಕಾಣೆ ಅಂಟಿಸಿರುತ್ತಿದ್ದೆ. ಚಪ್ಪರದಲ್ಲಿ ಮಕ್ಕಳು ಕುಣಿದರೆ, ರಸ್ತೆಯಲ್ಲಿ ಲಾರಿ ಹೋದರೆ ಮುಳ್ಳು ಹಾರಿ ಹಾಡು ತಪ್ಪುತ್ತದೆ ಎಂದು ಆ ಉಪಾಯ. ಕುಮಟಾದಿಂದ ಭಟ್ಕಳದವರೆಗೆ ಮೈಕ್‌ಸೆಟ್‌ನವರೆಲ್ಲ ಹೀಗೇ ಮಾಡುತ್ತಿದ್ದರಂತೆ. "ಮುಳ್ಳಿಗೆ ಸ್ವಲ್ಪ ಭಾರ ಬೇಕು ಮಗಾ, ಇಲ್ದಿದ್ರೆ ಕೂತ್ಕಳುದಿಲ್ಲ" ಎನ್ನುತ್ತಿದ್ದೆ. ಆ ಭಾರ ಹಾಡಿನ ಪ್ಲೇಟನ್ನು ಉಜ್ಜಿ ಉಜ್ಜಿ ಸವೆಸುತ್ತದೆ ಎಂದು ನಿನಗೆ ಯಾರೂ ಹೇಳಿರಲಿಲ್ಲ. ಯಾವ ಪ್ಲೇಟನ್ನು ನೀನು ಹೆಚ್ಚು ಪ್ರೀತಿಸಿದೆಯೋ ಅದೇ ಹೆಚ್ಚು ಸವೆಯಿತು.

ಆ ಯಕ್ಷಗಾನದ ಸಣ್ಣ ಪ್ಲೇಟಿನ ಕತೆಯನ್ನು ಎಷ್ಟು ಸಲ ಕೇಳಿದ್ದೇನೋ! ಹಾರ್ಮೋನಿಯಂ ಶ್ರುತಿ ಹಿಡಿಯುವ ಅಜ್ಜ ನಿನ್ನನ್ನೂ ಕರೆದುಕೊಂಡು ಮುಂಬಯಿಗೆ ಹೋದದ್ದು, ರೆಕಾರ್ಡಿಂಗ್ ದಿನವೇ ಅವನಿಗೆ ಜ್ವರ ಬಂದದ್ದು, ಹತ್ತು ವರ್ಷದ ನೀನು ಪೆಟ್ಟಿಗೆಯ ಮುಂದೆ ಕೂತದ್ದು. "ಮೂರನೇ ಪದದ ನಡುವೆ ಕಾಲಿಗೆ ಸೊಳ್ಳೆ ಕಚ್ಚಿಬಿಡ್ತು. ಕೆರ್ಕಂಬಕ್ಕೆ ಕೈ ಬಿಟ್ಟೆ. ಶ್ರುತಿ ನಿಂತೋತು. ಮತ್ತೆ ಗಡಿಬಿಡಿಲಿ ಹಿಡ್ದೆ. ಭಾಗವತರು ಕಣ್ಣು ಬಿಟ್ಟು ನೋಡಿದ್ರು." ಇಷ್ಟು ಹೇಳಿ ಪ್ಲೇಟ್ ಹಾಕುತ್ತಿದ್ದೆ. ನಮಗೆ ಕೇಳುತ್ತಿದ್ದದ್ದು ಭಾಗವತರ ಗಂಟಲು, ಚಂಡೆಯ ಪೆಟ್ಟು, ಮೇಲೊಂದಿಷ್ಟು ಕರಕರ. ಶ್ರುತಿ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಇನ್ನು ಅದು ನಿಂತದ್ದು ಹೇಗೆ ತಿಳಿಯಬೇಕು? ಪ್ಲೇಟಿನ ಕವರಿನ ಮೇಲೆ ಅಜ್ಜನ ಹೆಸರೇ ಇತ್ತು. ಅಜ್ಜ ಬೇಗ ಹೋದ, ಭಾಗವತರೂ ಹೋದರು. ಹೌದು ಎನ್ನಲು ಯಾರೂ ಉಳಿಯಲಿಲ್ಲ.

ನನ್ನ ಮದುವೆಯ ದಿನ ಮಾತ್ರ... ಎಲ್ಲ ಕಡೆ ಕ್ಯಾಸೆಟ್ ಬಂದಿದ್ದರೂ ಆ ಒಂದು ಪ್ಲೇಟಿಗಾಗಿ ನೀನು ಹಳೇ ಪ್ಲೇಯರ್ ಹೊತ್ತು ತಂದಿದ್ದೆ. ಮೈಕ್ ಹಿಡಿದು, "ಇದ್ರಲ್ಲಿ ಶ್ರುತಿ ಹಿಡ್ದವ ಮದುಮಗಳ ಮಾವ, ಅಂದ್ರೆ ನಾನೇ" ಎಂದೆ. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ನಾಚಿಕೆಯಾಯಿತು. "ಮಾವ, ಮದ್ವೆ ಮದ್ವೆಗೂ ಇದೇ ಸುಳ್ಳು ಎಂತಕ್ಕೆ ಹೇಳ್ತೆ?" ಎಂದುಬಿಟ್ಟೆ. ಮೈಕ್ ಇನ್ನೂ ಚಾಲೂ ಇತ್ತು. ಇಡೀ ಚಪ್ಪರ ನಕ್ಕಿತು. ನೀನು "ಆತು ಬಿಡು" ಎಂದು ಮುಳ್ಳು ಎತ್ತಿದೆ. ಆಮೇಲೆ ಆ ಕತೆಯನ್ನು ನೀನು ಯಾರಿಗೂ ಹೇಳಲಿಲ್ಲ, ಅಲ್ಲವೇ? ನಾನು ಗಮನಿಸಿದ್ದೆ. ಗಮನಿಸಿಯೂ ಸುಮ್ಮನಿದ್ದೆ.

ನಿನ್ನ ವರ್ಷಾಂತಿಕಕ್ಕೆ ಬಂದಾಗ ಅತ್ತೆ ಪ್ಲೇಟನ್ನೂ ಪ್ಲೇಯರಿನ ಬಿಡಿಭಾಗಗಳನ್ನೂ ನನ್ನ ಮಡಿಲಿಗೆ ಹಾಕಿದಳು. "ನೀನೇ ಇಟ್ಕ. ಅವ್ರ ಸುಳ್ಳು ಇಟ್ಕಂಡು ನಾ ಎಂತ ಮಾಡ್ಲಿ?" ಆ ಮಾತು ನನ್ನದೇ ಬಾಯಿಂದ ಹೊರಟು ಇಷ್ಟು ವರ್ಷ ಸುತ್ತಿ ನನಗೇ ಬಂದಿತ್ತು. ಒಂದು ಸಲವಾದರೂ ಸರಿಯಾಗಿ ಕೇಳಿ ನೋಡಬೇಕು ಎನ್ನಿಸಿತು. ಮುಳ್ಳು ಕೂತಿರುವ ತುದಿಯ ಭಾಗ, ಅಂದರೆ ಕಾರ್ಟ್ರಿಜ್, ಬಿಚ್ಚಿ ಬೇರೆ ಹಾಕಲು ಬರುವಂಥ ಟರ್ನ್‌ಟೇಬಲ್ ಎಂಬ ಹೊಸ ಪ್ಲೇಯರ್ ತರಿಸಿದೆ. ಮೊದಲು ನಿನ್ನದೇ ಕಾರ್ಟ್ರಿಜ್ ಹಾಕಿಸಿ ಕೇಳಿದೆ: ಅದೇ ಕರಕರ. ಆಮೇಲೆ ನಿನ್ನದರಂತೆಯೇ ತುದಿ ಗುಂಡಗಿರುವ ಹೊಸ ಮುಳ್ಳಿನದು ಹಾಕಿದೆ. ದನಿ ಸ್ವಚ್ಛವಾಯಿತು, ಮದ್ದಳೆ ಬೇರೆ, ಚಂಡೆ ಬೇರೆ ಎಂದು ಗೊತ್ತಾಯಿತು. ಆದರೆ ಮೂರನೇ ಪದಕ್ಕೆ ಬಂದರೆ ಬರೀ ಮರಳು ಸುರಿದ ಸದ್ದು.

ನಾನು ಕೆಲಸ ಮಾಡುವ ಲ್ಯಾಬ್ ನಿನಗೆ ಗೊತ್ತಲ್ಲ, ಸಕ್ಕರೆ ಕಾಯಿಲೆಯ ಪರೀಕ್ಷೆಗೆ ನೀನು ರಕ್ತ ಕೊಡಲು ಬರುತ್ತಿದ್ದದ್ದು. ಒಂದು ದಿನ ಊಟದ ಬಿಡುವಿನಲ್ಲಿ ನಿನ್ನ ಮುಳ್ಳನ್ನು ಅಲ್ಲಿಯ ಸೂಕ್ಷ್ಮದರ್ಶಕದ ಕೆಳಗಿಟ್ಟು, ಪಕ್ಕದಿಂದ ಮೊಬೈಲಿನ ಟಾರ್ಚ್ ಹಿಡಿದೆ. ತುದಿ ಎಂಬುದೇ ಇರಲಿಲ್ಲ ಮಾವ, ಎರಡು ಕಡೆ ತೇಯ್ದು ಚಪ್ಪಟೆಯಾಗಿತ್ತು. ಮುಳ್ಳಿನ ತುದಿಗೆ ಇರುವುದು ವಜ್ರದ ಚೂರಂತೆ, ಅದನ್ನೇ ಹಾಡು ತಿಂದಿತ್ತು! ಇಷ್ಟು ಸಣ್ಣದರ ತುದಿಯಿಂದ ಒಬ್ಬ ಮನುಷ್ಯನ ಗಂಟಲು ಹೊರಡುತ್ತಿತ್ತೇ? ದಿನವೂ ಗಾಜಿನಡಿ ಏನೇನೋ ನೋಡುವ ನಾನು ಅಂದು ಬಿಡುವು ಮುಗಿಯುವವರೆಗೂ ಅದನ್ನೇ ನೋಡಿದೆ.

ಕುಮಟಾದ ಹಳೇ ರೇಡಿಯೊ ರಿಪೇರಿಯವರ ಹತ್ತಿರ ಪ್ಲೇಟನ್ನೂ ಟರ್ನ್‌ಟೇಬಲನ್ನೂ ಒಯ್ದು ತೋರಿಸಿದೆ. ಅವರು ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. "ಪ್ಲೇಟಿನ ಗೆರೆ ಅಂದ್ರೆ ಒಂದು ಕಾಲುವೆ. ನಿಮ್ಮ ಮಾವನ ಗುಂಡು ಮುಳ್ಳು ಗೋಡೆಯ ಮೇಲ್ಬದಿ ಮಾತ್ರ ಉಜ್ಜಿದೆ. ಕೆಳಗಿದ್ದದ್ದು ಯಾರೂ ಮುಟ್ಟದೆ ಹಾಂಗೇ ಇರ್ಬಹುದು. ತೆಳು ಮುಳ್ಳಾದ್ರೆ ಅಲ್ಲಿಗೆ ಇಳೀತದೆ. ಸಿಕ್ಕೇ ಸಿಕ್ತದೆ ಅಂತ ನಾ ಹೇಳುದಿಲ್ಲ ಹಾಂ." ತಮ್ಮ ಬಳಿ ಜೋಪಾನವಾಗಿಟ್ಟಿದ್ದ ತೆಳು ಮುಳ್ಳಿನ ಕಾರ್ಟ್ರಿಜ್ ಅನ್ನು ಎರಡು ವಾರಕ್ಕೆ ಕೊಟ್ಟರು. ಮುಳ್ಳಿನ ಮೇಲೆ ಬೀಳುವ ಭಾರವನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ಹೊಂದಿಸಿಕೊಟ್ಟರು. ನಿನ್ನ ನಾಲ್ಕಾಣೆಯ ಭಾರ ಕೂಡ ಇಲ್ಲ ಅದಕ್ಕೆ.

ಆ ಸಂಜೆ ಮೂರನೇ ಪದ ಶುರುವಾದಾಗ ನಾನು ಫ್ಯಾನ್ ಆರಿಸಿ ಕಿವಿಗೊಟ್ಟು ಕೂತಿದ್ದೆ. ಮರಳಿನ ಸದ್ದು ತಗ್ಗಿತ್ತು. ಅದರ ಹಿಂದೆ, ಭಾಗವತರ ದನಿಗಿಂತ ಎಷ್ಟೋ ಹಿಂದೆ, ಹಾರ್ಮೋನಿಯಂ ಒಂದೇ ಸಮನೆ ಹರಿಯುತ್ತಿತ್ತು. ಶ್ರುತಿ! ಇಷ್ಟು ವರ್ಷ ಅಲ್ಲೇ ಇತ್ತು. ಹರಿಯುತ್ತ ಹರಿಯುತ್ತ, ಪದದ ನಡುವೆ, ಅದು ನಿಂತಿತು. ಅರ್ಧ ಉಸಿರಿನಷ್ಟು ಹೊತ್ತು. ಆಮೇಲೆ ಗಡಿಬಿಡಿಯಲ್ಲಿ, ಸ್ವಲ್ಪ ಜೋರಾಗಿಯೇ, ಮತ್ತೆ ಶುರುವಾಯಿತು. ನೀನು ಹೇಳಿದ ಹಾಗೆಯೇ, ಹೇಳಿದ ಜಾಗದಲ್ಲಿಯೇ. ನಿನ್ನ ಮೈಕ್‌ಸೆಟ್ಟಿನ ಹಾರ್ನಿನಲ್ಲಿ ಅದು ಒಂದು ದಿನವೂ ಕೇಳಿಸಿರಲಿಲ್ಲ. ನೀನು ಕೂಡ ಕೇಳಿರಲಿಲ್ಲ. ನಿನಗೆ ಬರೀ ನೆನಪಿತ್ತು. ಕೇಳಿಸದ ತಪ್ಪನ್ನು ಅದು ಮಾಡಿದವನಲ್ಲದೆ ಬೇರೆ ಯಾರು ಹೇಳಬಲ್ಲರು? ನಾನು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಮೊನ್ನೆ ಭಾನುವಾರ ಅತ್ತೆಯನ್ನು ಕರೆಸಿದೆ. ಮೊದಲ ಸಲ ಕೇಳಿ, "ಇನ್ನೊಂದ್ಸಲ ಹಾಕು" ಎಂದಳು. ಎರಡನೆಯ ಸಲ ಶ್ರುತಿ ನಿಂತಾಗ ನಕ್ಕುಬಿಟ್ಟಳು. "ಅವ್ರೇ ಮಾರಾಯ್ತಿ! ಸೊಳ್ಳೆ ಕಚ್ಚಿದ್ರೆ ಕೈಲಿದ್ದ ಕೆಲ್ಸ ಬಿಟ್ಟು ಕೆರ್ಕಂಬುದು ಅವ್ರ ಹುಟ್ಟುಬುದ್ಧಿ." ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕವರಿನ ಮೇಲೆ ನಿನ್ನ ಹೆಸರು ಬರೆಯೋಣವೆಂದು ನಾನು ಪೆನ್ನು ತೆಗೆದರೆ, ಕೈಯಿಂದ ಕಿತ್ತುಕೊಂಡಳು. ಗಂಡನ ಹೆಸರು ಹೇಳಬಾರದೆಂದು ಜನ್ಮವಿಡೀ "ಇವ್ರು, ಅವ್ರು" ಎಂದೇ ಕರೆದವಳು, ಒಂದೊಂದೇ ಅಕ್ಷರವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತ ಬರೆದಳು: ಶ್ರುತಿ, ಮಂಜುನಾಥ.

ಬರುವ ವೈಶಾಖದಲ್ಲಿ ನನ್ನ ಮಗಳ ಮದುವೆ. ಟರ್ನ್‌ಟೇಬಲ್ ಚಪ್ಪರಕ್ಕೆ ಬರುತ್ತದೆ, ತೆಳು ಮುಳ್ಳನ್ನು ಆ ದಿನಕ್ಕೆ ಮತ್ತೆ ಕೊಡಲು ಕುಮಟಾದವರು ಒಪ್ಪಿದ್ದಾರೆ. ನಾಲ್ಕಾಣೆ ಇಡುವುದಿಲ್ಲ, ಮಕ್ಕಳು ಹತ್ತಿರ ಕುಣಿಯದಂತೆ ಅತ್ತೆ ಕೋಲು ಹಿಡಿದು ಕಾಯುತ್ತಾಳಂತೆ. ಮೈಕ್ ನಾನು ಹಿಡಿಯುತ್ತೇನೆ. ಅಂದು ನಕ್ಕವರಲ್ಲಿ ಬದುಕಿರುವವರನ್ನೆಲ್ಲ ಕರೆದಿದ್ದೇನೆ ಮಾವ. ಸುಳ್ಳು ಹೇಳಿದ್ದು ನಾನು ಎಂದು ಮೊದಲು ಹೇಳಿ, ಆಮೇಲೆ ಮುಳ್ಳು ಇಳಿಸುತ್ತೇನೆ.

ನಿನ್ನ ಮಗಾ