ಬೋರಿನ ಮೇಲಿನ ಐದು ಕಲ್ಲು

ಇಂಡಿ
೩೦-೧೨-೨೦೦೦

ಪ್ರೀತಿಯ ಶೈಲಕ್ಕನಿಗೆ,

ಭಾಗ್ಯಜ್ಯೋತಿಯ ನಮಸ್ಕಾರ. ಮುದ್ದೇಬಿಹಾಳದಲ್ಲಿ ನೀನು, ಮಾಮಾ, ಮಕ್ಕಳು ಆರಾಮ ಇದ್ದೀರೆಂದು ನಂಬಿದ್ದೇನೆ. ಹಬ್ಬ ಮುಗಿದ ಮರುದಿನವೇ ಬರೆಯುತ್ತೇನೆಂದು ಹೇಳಿದ್ದೆ, ಆಗಲಿಲ್ಲ, ಬೈಯಬೇಡ. ನಾವೂ ಕ್ಷೇಮ ಎಂದು ಬರೆಯುವುದು ರೂಢಿ. ಪೂರ್ತಿ ಓದಿ ನೀನೇ ಹೇಳು.

ಶನಿವಾರ ಅರ್ಧ ದಿನ, ರವಿವಾರ, ಸೋಮವಾರ ಕ್ರಿಸ್‌ಮಸ್ ಸೂಟಿ, ಅವತ್ತೇ ಎಳ್ಳ ಅಮಾವಾಸ್ಯೆ. ಸೂಟಿ ಸಿಕ್ಕಿತೆಂದರೆ ನಮ್ಮ ಮನೆಯವರಿಗೆ ಊರೆಲ್ಲ ನೆಂಟರು. ಆಫೀಸಿನ ಗೆಳೆಯರು, ಅವರ ಹೆಂಡಂದಿರು, ಮಕ್ಕಳು, ಪಕ್ಕದ ಮನೆಯ ಸಾಬೀರಾ, ಎಲ್ಲರನ್ನೂ ತಾಂಬಾದ ನಮ್ಮ ಹೊಲಕ್ಕೆ ಕರೆದುಬಿಟ್ಟರು. ನಾನು, ಅತ್ತೆ ಎರಡು ದಿನ ಒಲೆ ಬಿಟ್ಟು ಏಳಲಿಲ್ಲ. ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ. ಸಾಬೀರಾಳಿಗೆ ರಂಜಾನಿನ ರೋಜಾ, ಹನಿ ನೀರೂ ಕುಡಿಯುವಂತಿಲ್ಲ. ಆದರೂ ನನ್ನ ಜೊತೆ ಕುಳಿತು ಹೋಳಿಗೆ ಲಟ್ಟಿಸಿದಳು.

ನನಗೆ ಮಾತ್ರ ಮೊದಲಿನಿಂದ ಒಂದೇ ಭಯ. ಹೋದ ಬೇಸಿಗೆಯಲ್ಲಿ ಆ ಹೊಲದಲ್ಲಿ ಬೋರು ಹೊಡೆಸಿದ್ದೆವು. ನೀರು ಬೀಳಲಿಲ್ಲ. ಪೈಪು ಕಿತ್ತುಕೊಂಡು ಹೋದರು, ಬಾಯಿ ಹಾಗೇ ಉಳಿಯಿತು. ಹೊಲ ನೋಡಿಕೊಳ್ಳುವ ಸೋಮನಿಂಗ ಅದರ ಮೇಲೊಂದು ತಗಡು ಹಾಕಿ ಕಲ್ಲು ಹೇರಿದ್ದ. ಮಗಳು ದಾನಿಗೆ ಏಳು ವರ್ಷ, ಮಗ ಸಿದ್ದುಗೆ ಆರು. ನಿಂತಲ್ಲಿ ನಿಲ್ಲುವ ಮಕ್ಕಳಲ್ಲ. ‘ಮಣ್ಣು ತುಂಬಿ ಮುಚ್ಚಸ್ರಿ’ ಎಂದು ಇವರಿಗೆ ಎಷ್ಟು ಸಲ ಹೇಳಿದೆನೋ. ‘ಅಂಜುಬುರಕಿ ಅದಿ ನೀ. ಯಾವಾಗ್ ನೋಡಿದ್ರೂ ಅದನ್ನ ಹೇಳ್ತಿ’ ಎಂದು ನಕ್ಕರು.

ನಮ್ಮದು ಎರೆ ಹೊಲ, ಹುಡುಕಿದರೂ ಒಂದು ಕಲ್ಲು ಸಿಗುವುದಿಲ್ಲ. ಬನ್ನಿ ಗಿಡದ ಕೆಳಗೆ ಪಾಂಡವರೆಂದು ಐದು ಕಲ್ಲಿಟ್ಟು ಪೂಜೆ ಮಾಡಬೇಕಲ್ಲ, ಇವರು ಸೀದಾ ಹೋಗಿ ಬೋರಿನ ಮೇಲಿನ ಕಲ್ಲುಗಳನ್ನೇ ಎತ್ತಿ ತಂದರು. ನಾನು ನೋಡಲಿಲ್ಲ. ಸುಣ್ಣ ಬಳಿದ ಮೇಲೆ ಯಾವ ಕಲ್ಲು ಎಲ್ಲಿಯದೆಂದು ಯಾರಿಗೆ ಗೊತ್ತಾಗುತ್ತದೆ? ಪೂಜೆ ಮುಗಿಸಿ ಗಂಡಸರು ಚರಗದ ಬುಟ್ಟಿ ಹಿಡಿದು, ಬೆಳೆಯ ಸುತ್ತ ರೊಟ್ಟಿ ಕಡಬು ಚೆಲ್ಲುತ್ತ ಹೊರಟರು. ಮಕ್ಕಳು ಆಳೆತ್ತರದ ಜೋಳದಲ್ಲಿ ಅಡಗುವ ಆಟ ಹೂಡಿದರು. ನಾನು ಬುತ್ತಿ ಬಿಚ್ಚುತ್ತಿದ್ದೆ.

ಆಫೀಸಿನವರ ಮಗಳೊಬ್ಬಳು ಏದುಸಿರು ಬಿಡುತ್ತ ಬಂದು, ‘ಆಂಟಿ, ಬೋರಿನ ಬಾಯಿ ತೆರದೈತಿ. ಅಲ್ಲೊಂದು ಸಣ್ಣ ಚಪ್ಪಲಿ ಬಿದ್ದೈತಿ’ ಎಂದಳು.

ಅಕ್ಕಾ, ಹೇಗೆ ಓಡಿದೆನೋ ನನಗೆ ಗೊತ್ತಿಲ್ಲ. ತಗಡು ಓರೆಯಾಗಿ ಸರಿದಿತ್ತು. ಅಂಚಿನಲ್ಲಿ ಒಂದು ನೀಲಿ ಹವಾಯಿ ಚಪ್ಪಲಿ. ಇಬ್ಬರಿಗೂ ಒಂದೇ ನಮೂನೆಯದನ್ನು ಸಂತೆಯಲ್ಲಿ ತಂದವಳು ನಾನೇ, ಅಳತೆಯೂ ಹೆಚ್ಚುಕಡಿಮೆ ಒಂದೇ. ಹೆತ್ತ ನನಗೇ ಅದು ಯಾರದೆಂದು ತಿಳಿಯಲಿಲ್ಲ. ಇವರು ಬುಟ್ಟಿ ಒಗೆದು ಓಡಿ ಬಂದವರು ನೆಲಕ್ಕೆ ಬಿದ್ದು, ಬೋರಿಗೆ ಬಾಯಿ ಹಚ್ಚಿ, ‘ಸಿದ್ದೂ, ಸಿದ್ದೂ, ಓ ಅನ್ನೋ ನಮ್ಮಪ್ಪಾ’ ಎಂದು ಕೂಗಿದರು. ನಾನು ಇಬ್ಬರ ಹೆಸರನ್ನೂ ಕೂಗಿದೆ. ಒಳಗಿನಿಂದ ನಮ್ಮ ದನಿಯೇ ತಿರುಗಿ ಬರುತ್ತಿತ್ತು.

ಆಗ ಸಿದ್ದು, ನಾವು ಬಂದಿದ್ದ ಎತ್ತಿನ ಚಕ್ಕಡಿಯ ಕೆಳಗಿನಿಂದ ಎದ್ದು ಬಂದ. ‘ಅಪ್ಪಾ, ನಾ ಇಲ್ಲೇ ಅದೇನಿ’ ಎಂದ. ಇವರು ಅವನನ್ನು ಅವಚಿಕೊಂಡು ಕುಸಿದು ಕುಳಿತರು. ಅತ್ತೆ ಲಟಿಕೆ ಮುರಿದು, ‘ನನ್ನ ಕೂಸು ಉಳೀತು, ಮನಿ ದೀಪ ಉಳೀತು’ ಎಂದರು. ಸಿದ್ದುವಿನ ಕಾಲಲ್ಲಿ ಎರಡೂ ಚಪ್ಪಲಿ ಇದ್ದವು. ಅದನ್ನು ನೋಡಿದವಳು ನಾನೊಬ್ಬಳೇ. ‘ದಾನಿ ಎಲ್ಲಿ? ನನ್ನ ದಾನಿ ಎಲ್ರೀ?’ ಎಂದು ಚೀರಿದೆ. ಇವರು ಮಗನ ತಲೆ ಸವರುತ್ತ, ‘ಇರ್ತಾಳ ತಡಿ, ಎಲ್ಲೋ’ ಎಂದರು.

ಸಾಬೀರಾ ಮಾತ್ರ ನನ್ನ ಜೊತೆ ನಿಂತಳು. ಮುಂಜಾನೆಯಿಂದ ಗುಟುಕು ನೀರಿಲ್ಲದ ಜೀವ, ಜೋಳದ ಸಾಲು ಸಾಲು ಹೊಕ್ಕು ಹುಡುಕಿದಳು. ನಾನು ಬೋರಿನ ಬಾಯಿ ಬಿಟ್ಟು ಏಳಲೇ ಇಲ್ಲ, ಎದ್ದರೆ ಮಗು ಒಳಗೇ ಉಳಿಯುತ್ತದೆ ಎನಿಸುತ್ತಿತ್ತು. ಎಷ್ಟು ಹೊತ್ತಾಯಿತೋ, ಸಾಬೀರಾ ದಾನಿಯ ಕೈ ಹಿಡಿದು ಕರೆತಂದಳು. ಒಂದು ಕಾಲು ಬರಿದು. ಓಡುವಾಗ ತಗಡು ಎಡವಿದಳಂತೆ. ‘ಇಲ್ಲೇ ಬಾಜೂಕ ಜ್ವಾಳದಾಗ ಕುಂತಿದ್ಳ ನೋಡ ಭಾಗ್ಯಾ, ಎಲ್ಲಾ ನೋಡ್ಕೋತ’ ಎಂದಳು ಸಾಬೀರಾ. ನಾನು ಮೊದಲು ಬೆನ್ನಿಗೊಂದು ಬಾರಿಸಿದೆ, ಆಮೇಲೆ ತಬ್ಬಿಕೊಂಡು ಅತ್ತುಬಿಟ್ಟೆ.

ಆಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬನ್ನಿ ಗಿಡದ ಕೆಳಗಿನ ಐದೂ ಕಲ್ಲುಗಳನ್ನು ಕುಂಕುಮ ಸಮೇತ ಹೊತ್ತು ತಂದು ತಗಡಿನ ಮೇಲೆ ಹೇರಿದೆ. ‘ಪೂಜಿ ಮಾಡಿದ ದೇವರನ್ನ ಬೋರಿನ ಮ್ಯಾಲ ಇಡ್ತಿಯೇನ?’ ಎಂದು ಅತ್ತೆ ಕೂಗಾಡಿದರು. ‘ಕಾಯೂದು ದೇವರ ಕೆಲಸ ಅಲ್ಲೇನ್ರಿ ಅತ್ತಿ? ಕಾಯಲಿ’ ಎಂದೆ. ಬಂದವರು ತಲೆ ತಗ್ಗಿಸಿ ಉಂಡರು. ಮರುದಿನ ಸೋಮನಿಂಗ ಬೋರಿಗೆ ಮಣ್ಣು ತುಂಬಿಸಿದ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಬಿಡಲಿ.

ಬೋರು ಮುಚ್ಚಿದರೂ ನನ್ನ ಹೆದರಿಕೆ ಹೋಗಿಲ್ಲ. ದಾನಿ ಸಾಲಿಯಿಂದ ಬರುವುದು ತುಸು ತಡವಾದರೆ ಓಣಿಯ ತುದಿಗೆ ಹೋಗಿ ನಿಲ್ಲುತ್ತೇನೆ. ಅವಳೂ ಮಾತು ಕಡಿಮೆ ಮಾಡಿದ್ದಾಳೆ. ಸಂಕ್ರಮಣಕ್ಕೆ ಅವಳನ್ನು ಕರೆದುಕೊಂಡು ನಿನ್ನಲ್ಲಿಗೆ ಬರುತ್ತೇನೆ, ನಾಲ್ಕು ದಿನ ಇಟ್ಟುಕೋ.

ಮಾಮಾನಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳನ್ನು ಗುಡ್ಡಾಪುರದ ದಾನಮ್ಮ ಕಣ್ಣಲ್ಲಿ ಕಣ್ಣಿಟ್ಟು ಕಾಯಲಿ.

ನಿನ್ನ ತಂಗಿ,
ಭಾಗ್ಯ

ತಾ.ಕ.: ಇಷ್ಟನ್ನು ಮಾಮಾನ ಮುಂದೆ ಓದಬೇಡ. ನಿನ್ನೆ ದಾನಿಯ ತಲೆ ಬಾಚುತ್ತ, ‘ಅಷ್ಟ ಸನೇದಾಗ ಕುಂತಿದ್ದಿ, ನಾ ಕರದಿದ್ದು ಕೇಳಿಸಲಿಲ್ಲೇನ?’ ಎಂದು ಕೇಳಿದೆ. ‘ಕೇಳಿಸ್ತವ್ವಾ’ ಎಂದಳು. ‘ಮತ್ಯಾಕ ಎದ್ದು ಬರಲಿಲ್ಲ?’ ಎಂದೆ. ರಿಬ್ಬನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ‘ಅಪ್ಪನೂ ಒಮ್ಮೆ ಕರೀಲಿ ಅಂತ ಕುಂತಿದ್ನಿ’ ಎಂದಳು.